ಮಾಸ್ಟ್ರು ಸುಳ್ಳೆಂದ ಜೋಡಿಮೀನು

ಸೀತಾರಾಮ ಮಾಸ್ಟ್ರು ಯಾರ ಕೈಯಿಂದಲೂ ಹಳೆಯ ನಾಣ್ಯವನ್ನು ನೇರವಾಗಿ ತೆಗೆದುಕೊಂಡವರಲ್ಲ. ಎದುರಿನವರು ಅಂಗೈ ಚಾಚಿದ ಕೂಡಲೇ ಅವರ ಎರಡೂ ಕೈಗಳು ಬೆನ್ನ ಹಿಂದೆ ಹೋಗಿ ಕಟ್ಟಿಕೊಳ್ಳುತ್ತಿದ್ದವು. "ಕೆಳಗೆ ಇಡಿ ಮಾರಾಯ್ರೆ, ಕೆಳಗೆ ಇಡಿ" ಎನ್ನುವರು. ಆಮೇಲೆ ಅಂಗಿಯ ಜೇಬಿನಿಂದ ಹಳೆಯ ಕೊಡೆಯ ಕಪ್ಪು ಬಟ್ಟೆಯ ಒಂದು ತುಂಡನ್ನು ತೆಗೆದು ಬೆಂಚಿನ ಮೇಲೋ ಜಗಲಿಯ ಮೇಲೋ ಹರಡುವರು. ನಾಣ್ಯ ಅದರ ಮೇಲೆ ಕೂತ ನಂತರವೇ ಅವರ ಕೈ ಮುಂದೆ ಬರುವುದು. ಇದೇನು ಮಡಿಯೋ ಎಂದು ಕೆಲವರು ತಪ್ಪು ತಿಳಿದು ಬೇಸರಿಸಿದ್ದೂ ಉಂಟು. ನಾನೇ ಒಮ್ಮೆ ಕೇಳಿದೆ. "ಕೈಯಿಂದ ಕೈಗೆ ತೆಕ್ಕೊಂಡ್ರೆ ಅರ್ಧ ನಂಬಿದ ಹಾಗೆ. ಕೊಡುವವನ ಕೈಯ ಬಿಸಿ ಅದರಲ್ಲಿ ಇರ್ತದೆ ನೋಡಿ. ಮೊದಲು ತಣ್ಣಗಾಗ್ಲಿ" ಎಂದರು.

ನಾವಿಬ್ಬರೂ ಪುತ್ತೂರು ಕಡೆಯ ಸವಣೂರಿನ ಹೈಯರ್ ಎಲಿಮೆಂಟರಿ ಶಾಲೆಯಲ್ಲಿ ಮಾಸ್ಟ್ರುಗಳು. ಅವರು ಚರಿತ್ರೆ ಮತ್ತು ಕನ್ನಡ, ನಾನು ಲೆಕ್ಕ ಮತ್ತು ಡ್ರಿಲ್. ವಯಸ್ಸಿನಲ್ಲಿ ಅವರು ನನಗೆ ಅಣ್ಣನಿಗಿಂತ ದೊಡ್ಡವರು, ಅಪ್ಪನಿಗಿಂತ ಚಿಕ್ಕವರು. ಅವರ ಸಂಸಾರ ಸುಳ್ಯದಲ್ಲಿ, ನನಗೆ ಸಂಸಾರವೇ ಇರಲಿಲ್ಲ. ಹಾಗಾಗಿ ಒಂದೇ ಬಿಡಾರದಲ್ಲಿ ಗಂಜಿ ಬೇಯಿಸಿಕೊಂಡಿದ್ದೆವು. ನನಗೆ ನಾಣ್ಯಗಳ ಮೇಲೆ ಪ್ರೀತಿ ಇತ್ತೆಂದು ಯಾರೂ ತಿಳಿಯಬಾರದು. ನನಗಿದ್ದದ್ದು ಕಾಲುನೋವು. ಆದರೂ ಆ ಕಾಲದಲ್ಲಿ ಸವಣೂರಿನ ಭಾನುವಾರವನ್ನು ಕಳೆಯುವುದಕ್ಕೆ ಅವರ ಹಿಂದೆ ನಡೆಯುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಸಪೂರ ದೇಹ, ಒಂದು ಕಡ್ಡಿಗೆ ನೂಲು ಸುತ್ತಿದ ಕನ್ನಡಕ, ಬೇಸಿಗೆಯಲ್ಲೂ ಕಂಕುಳಲ್ಲಿ ಕೊಡೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ "ಸಾಕಾಯ್ತು" ಎನ್ನುವರು. ಏನು ಸಾಕಾಯಿತು ಎಂದು ಹೇಳುವವರಲ್ಲ. ಪಾಠ ಮಾಡಿ ಬಂದರೂ ಸಾಕಾಯಿತು, ರಜೆ ಮುಗಿದರೂ ಸಾಕಾಯಿತು. ಆದರೆ ಎಲ್ಲೋ ಒಂದು ಮನೆಯಲ್ಲಿ ಹಳೆಯ ನಾಣ್ಯ ಇದೆಯಂತೆ ಎಂದು ಯಾರಾದರೂ ಹೇಳಿದರೆ ಈ ಸಾಕಾದ ಮನುಷ್ಯ ನನಗಿಂತ ಮುಂದೆ ಗುಡ್ಡ ಹತ್ತುತ್ತಿದ್ದರು. ಮೇಲೆ ನಿಂತು, "ಬೇಗ ಬನ್ನಿ, ಡ್ರಿಲ್ ಮಾಸ್ಟ್ರು ಅಂತ ಹೇಳ್ಲಿಕ್ಕೆ ನಾಚಿಕೆ ಆಗುದಿಲ್ವಾ?" ಎಂದು ಗೇಲಿ ಬೇರೆ.

ಕಬಕದಲ್ಲಿ ಪೊಡಿಯಬ್ಬ ಬ್ಯಾರಿಗಳ ಗುಜರಿ ಅಂಗಡಿ ಇತ್ತು. ನಯಾಪೈಸೆ ಬಂದ ಸಮಯದಲ್ಲಿ ಜನ ಮನೆಯ ಮೂಲೆಯಲ್ಲಿದ್ದ ಹಳೆಯ ಚಿಲ್ಲರೆಯನ್ನೆಲ್ಲ ತಂದು ಅವರ ಅಂಗಡಿಯಲ್ಲಿ ಸುರಿದಿದ್ದರು. ಮಾಸ್ಟ್ರಿಗೆ ಅದು ಹಬ್ಬ. ಪೊಡಿಯಬ್ಬರಿಗೆ ಇವರೆಂದರೆ ಪ್ರೀತಿ, ಪ್ರೀತಿ ಇದ್ದಲ್ಲೆಲ್ಲ ಅವರದ್ದು ಕೀಟಲೆ. ಒಮ್ಮೆ ಆನೆಯ ಚಿತ್ರವಿದ್ದ ತಾಮ್ರದ ನಾಣ್ಯವೊಂದನ್ನು ಮಾಸ್ಟ್ರ ಬಟ್ಟೆಯ ಮೇಲೆ ಇಟ್ಟು, "ಇದು ಟಿಪ್ಪು ಸುಲ್ತಾನರ ಕಾಲದ್ದು ಅಂತ ಹೇಳಿ ಒಬ್ಬ ಕೊಟ್ಟು ಹೋದ. ನೋಡಿ ಮಾಸ್ಟ್ರೆ, ಈ ಆನೆಯ ಸೊಂಡಿಲು ಎಷ್ಟು ಚಂದ ಉಂಟು" ಎಂದರು.

ಮಾಸ್ಟ್ರು ಆನೆಯನ್ನು ನೋಡಲೇ ಇಲ್ಲ. ನಾಣ್ಯವನ್ನು ನಿಲ್ಲಿಸಿ, ಭೂತಗನ್ನಡಿ ಹಿಡಿದು, ಅಂಚನ್ನು ಸುತ್ತಲೂ ನೋಡಿದರು. ನೂಲಿನಷ್ಟು ತೆಳುವಾದ ಒಂದು ಗೆರೆ ಅಂಚಿನ ನಡುವೆ ಓಡಿತ್ತು. ಎರಡು ಅಚ್ಚುಗಳನ್ನು ಜೋಡಿಸಿ ಲೋಹ ಎರೆದದ್ದರ ಗುರುತು ಅದು. ನಿಜವಾದದ್ದನ್ನು ಬಡಿದು ಒತ್ತುತ್ತಾರೆ, ಎರೆಯುವುದಿಲ್ಲ.

"ಮುಖ ನೋಡಿ ಮರುಳಾಗ್ಬಾರ್ದು ಪೊಡಿಯಬ್ಬ. ಸುಳ್ಳು ಮಾಡುವವ ಮುಖಕ್ಕೆ ಕಷ್ಟಪಡ್ತಾನೆ. ಅಂಚಿಗೆ ಬರುವಾಗ ಅವನಿಗೂ ಸಾಕಾಗಿರ್ತದೆ."

"ಹಾಗಾದ್ರೆ ನಿಮ್ಮನ್ನು ಹೆಣ್ಣು ನೋಡ್ಲಿಕ್ಕೆ ಕರ್ಕೊಂಡು ಹೋಗ್ಬಾರ್ದು ಮಾರಾಯ್ರೆ" ಎಂದು ಪೊಡಿಯಬ್ಬ ತಕ್ಕಡಿ ಅಲುಗುವಷ್ಟು ನಕ್ಕರು.

ಮಾಸ್ಟ್ರಿಗೆ ಇನ್ನೂ ಒಂದು ಹಟವಿತ್ತು. ನಾಣ್ಯದ ಕತೆಯನ್ನು ಮೊದಲೇ ಕೇಳುತ್ತಿರಲಿಲ್ಲ. ಇದು ನಮ್ಮ ಅಜ್ಜನಿಗೆ ಅರಸರು ಕೊಟ್ಟದ್ದು, ಇದು ಬಾವಿ ತೋಡುವಾಗ ಸಿಕ್ಕಿದ್ದು ಎಂದು ಜನ ಶುರು ಮಾಡಿದರೆ ಕೈ ಎತ್ತಿ ತಡೆಯುವರು. "ಕತೆ ಮತ್ತೆ. ಮೊದಲು ನಾಣ್ಯ." ಕತೆ ಕೇಳಿದ ಮೇಲೆ ಕಣ್ಣು ಕತೆಯನ್ನೇ ನೋಡುತ್ತದೆ, ನಾಣ್ಯವನ್ನು ನೋಡುವುದಿಲ್ಲ ಎಂಬುದು ಅವರ ನಂಬಿಕೆ. ಈ ಹಟಕ್ಕೆ ಒಂದು ಪೆಟ್ಟಿನ ನೆನಪು ಕಾರಣ.

ಅವರ ಜೀವಮಾನದ ಆಸೆ ಒಂದೇ, ಜೋಡಿಮೀನಿನ ನಾಣ್ಯ. ನಮ್ಮ ತುಳುನಾಡನ್ನು ಹಿಂದೆ ಆಳಿದ ಆಳುಪ ಅರಸರು ಹೊರಡಿಸಿದ ಚಿನ್ನದ ನಾಣ್ಯ ಅದು, ಒಂದು ಬದಿಯಲ್ಲಿ ಎರಡು ಮೀನು, ಇನ್ನೊಂದು ಬದಿಯಲ್ಲಿ ಅಕ್ಷರ. ಮಕ್ಕಳಿಗೆ ಪಾಠ ಮಾಡುವಾಗ ಕರಿಹಲಗೆಯ ಮೇಲೆ ಆ ಮೀನುಗಳನ್ನು ಅವರು ಬರೆಯುತ್ತಿದ್ದ ಚಂದ ನೋಡಬೇಕಿತ್ತು. "ದಿಲ್ಲಿಯ ಅರಸರ ಹೆಸರೆಲ್ಲ ಇವರಿಗೆ ಬಾಯಿಪಾಠ. ನಮ್ಮ ಊರಿಗೂ ಅರಸರು ಇದ್ರು ಅಂದ್ರೆ ನಂಬುದಿಲ್ಲ. ಒಂದು ನಾಣ್ಯ ಮಕ್ಕಳ ಎದುರು ಇಟ್ರೆ ಸಾಕಿತ್ತು" ಎನ್ನುವರು. ನಾನು ಸವಣೂರಿಗೆ ಬರುವ ಮೊದಲು, ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾವನೋ ಪರವೂರಿನವನು ಕಣ್ಣಲ್ಲಿ ನೀರು ತಂದುಕೊಂಡು ಒಂದು ಕತೆ ಹೇಳಿ ಇವರಿಗೆ ಜೋಡಿಮೀನು ಕೊಟ್ಟಿದ್ದನಂತೆ. ಅದಕ್ಕಾಗಿ ಹೆಂಡತಿಯ ಬಳೆ ಹೋಯಿತು. ಎರಡು ದಿನದ ಮೇಲೆ ನೋಡಿದರೆ ಅಂಚಿನಲ್ಲಿ ಅದೇ ಗೆರೆ. "ಮೀನು ತಿನ್ನದ ಮನೆಗೆ ಮೀನು ತಂದ್ರಲ್ಲ, ಅದೂ ಕೊಳೆತದ್ದು" ಎಂದು ಆ ಮಹಾತಾಯಿ ಒಂದೇ ಮಾತು ಅಂದರಂತೆ. ಬೈದಿದ್ದರೆ ಒಳ್ಳೆಯದಿತ್ತು ಎಂದು ಮಾಸ್ಟ್ರು ನನ್ನಲ್ಲಿ ಹಲವು ಸಲ ಹೇಳಿದ್ದಾರೆ.

ಇಂಥ ಮನುಷ್ಯನಿಗೆ ಆಲಂಕಾರಿನಿಂದ ಕರೆ ಬಂತು. ಪೊಡಿಯಬ್ಬರ ಮೂಲಕವೇ ಬಂದದ್ದು. ಅಲ್ಲಿ ಜಿನಸಿನ ಅಂಗಡಿ ಇಟ್ಟಿರುವ ಕುಶಾಲಪ್ಪ ಗೌಡರ ಮನೆಯ ದೇವರ ಮೂಲೆಯಲ್ಲಿ ಎರಡು ಮೀನಿರುವ ಚಿನ್ನದ ನಾಣ್ಯವಿದೆ, ಅವರ ತಾಯಿ ಲಿಂಗಮ್ಮ ಅದಕ್ಕೆ ದಿನವೂ ದೀಪ ಹಚ್ಚುತ್ತಾರೆ, ಈಗ ಗೌಡರ ಮಗಳ ಮದುವೆ ಹತ್ತಿರ ಬಂದಿದೆ. ಮುಂದಿನ ಭಾನುವಾರ ಮಾಸ್ಟ್ರು ಬಂದು ನೋಡಬೇಕಂತೆ.

ಆ ವಾರವಿಡೀ ಮಾಸ್ಟ್ರು ಒಮ್ಮೆಯೂ ಸಾಕಾಯ್ತು ಎನ್ನಲಿಲ್ಲ. ಭಾನುವಾರ ಕುದ್ಮಾರಿನ ದಾರಿಯಲ್ಲಿ ನಡೆದು, ಶಾಂತಿಮೊಗರಿನಲ್ಲಿ ದೋಣಿ ಹತ್ತಿ ಹೊಳೆ ದಾಟಿ, ಮತ್ತೆ ಬಿಸಿಲಲ್ಲಿ ನಡೆದು ಆಲಂಕಾರು ಮುಟ್ಟುವಾಗ ನನ್ನ ಕಾಲು ನನ್ನದಾಗಿ ಉಳಿದಿರಲಿಲ್ಲ. ಗೌಡರು ಅಂಗಡಿಯನ್ನು ಆಳಿಗೆ ಒಪ್ಪಿಸಿ ಹಿಂದಿನ ಮನೆಗೆ ಕರೆದುಕೊಂಡು ಹೋದರು. ಲಿಂಗಮ್ಮ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ ಇಟ್ಟು, ಅದರ ಮೇಲೆ ನಾಣ್ಯವನ್ನು ಇಟ್ಟುಕೊಂಡು ಬಂದರು. ಬಾಗಿದ ಬೆನ್ನು, ಬರಿದಾದ ಕಿವಿ, ಮುಖದಲ್ಲಿ ಮಾತ್ರ ಒಂದು ಸಂಭ್ರಮ. ಕಪ್ಪು ಬಟ್ಟೆಯ ಮೇಲೆ ಅದನ್ನು ಇಡುತ್ತಾ, "ಇದು ಮೊದಲು ಹೀಗೆ ಇರ್ಲಿಲ್ಲ ಮಾಸ್ಟ್ರೆ. ನನ್ನ ಅತ್ತೆ ಇದನ್ನು..." ಎಂದು ಶುರು ಮಾಡಿದರು.

ಮಾಸ್ಟ್ರ ಕೈ ಮೇಲೆದ್ದಿತು. "ಕತೆ ಮತ್ತೆ ಅಮ್ಮ. ಮೊದಲು ನಾಣ್ಯ."

ಎರಡು ಮೀನುಗಳು ನನ್ನ ಕಣ್ಣಿಗೂ ಕಂಡವು. ಮಾಸ್ಟ್ರು ಭೂತಗನ್ನಡಿ ಹಿಡಿದು ಅಂಚನ್ನು ತಿರುಗಿಸಿದರು. ಅಂಚಿನ ಸುತ್ತ ಅರ ಹಾಕಿ ಉಜ್ಜಿದ ಹೊಸ ಗೀರುಗಳು. ಎರೆದ ಗೆರೆಯನ್ನು ಮುಚ್ಚುವುದಕ್ಕೆ ಕಳ್ಳರು ಮಾಡುವ ಕೆಲಸವೇ ಅದು. ಅಕ್ಷರಗಳು ನೆಕ್ಕಿದ ಬೆಲ್ಲದ ಹಾಗೆ ಮೆತ್ತಗೆ, ಮೂಲೆಗಳಿಲ್ಲದೆ. ಮೈಯೆಲ್ಲ ನಿನ್ನೆ ಮಾಡಿದಂತೆ ಫಳಫಳ. ಚೀಲದಿಂದ ಸಣ್ಣ ತಕ್ಕಡಿ ತೆಗೆದು ಗುಲಗಂಜಿ ಹಾಕಿ ತೂಗಿದರು, ಇರಬೇಕಾದ ತೂಕವೂ ಇರಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಚಿನ್ನ ನಿಜ. ನಾಣ್ಯ ಸುಳ್ಳು."

"ಸರಿಯಾಗಿ ನೋಡಿದ್ರಾ ಮಾಸ್ಟ್ರೆ?" ಎಂದರು ಗೌಡರು. "ಯಾಕೆ ಕೇಳುದು ಅಂದ್ರೆ, ನಿಜ ಅಂತಾದ್ರೆ ಚಿನ್ನದ ಕ್ರಯಕ್ಕೆ ಇದು ನಿಮಗೆ. ಅಲ್ಲ ಅಂತಾದ್ರೆ ಕರಗಿಸಿ ಮಗಳಿಗೆ ಬೆಂಡೋಲೆ ಮಾಡಿಸುದು. ಆಮೇಲೆ ಬೇಕು ಅಂದ್ರೆ ಇಲ್ಲ."

"ಕರಗಿಸಿ."

ಗೌಡರು ತಾಯಿಯ ಕಡೆ ತಿರುಗಿ ನಕ್ಕರು. "ಕೇಳಿತಾ ಅಮ್ಮ? ಇಷ್ಟು ವರ್ಷ ನೀನು ಸುಳ್ಳಿಗೆ ಎಣ್ಣೆ ಸುರಿದದ್ದು." ಬಾಗಿಲ ಹಿಂದಿದ್ದ ಹೆಂಗಸರೂ ನಕ್ಕರು. ಲಿಂಗಮ್ಮ ತಟ್ಟೆಯಲ್ಲಿ ತಂದ ನಾಣ್ಯವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದರು. ಮಾಸ್ಟ್ರು ಆಮೇಲೆ ಕತೆಯನ್ನು ಕೇಳಲಿಲ್ಲ. ಸುಳ್ಳು ನಾಣ್ಯಕ್ಕೆ ಕತೆ ಯಾಕೆ?

ಮರಳುವಾಗ ದೋಣಿಯಲ್ಲಿ ಅವರು ಆಡಿದ್ದು ಇಷ್ಟೇ. "ಮುಖ ಎಷ್ಟು ಚಂದ ಇತ್ತು ಅಲ್ವಾ? ಸಾಕಾಯ್ತು ಮಾರಾಯ್ರೆ."

ಮದುವೆ ಕಳೆದು ಕೆಲವು ತಿಂಗಳಾಗಿತ್ತು. ಪುತ್ತೂರಿಗೆ ಸಂಬಳದ ಕೆಲಸಕ್ಕೆಂದು ಹೋಗಿದ್ದ ನಾವು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆವು. ಅಂಗಡಿಗೆ ಸಾಮಾನು ಕೊಳ್ಳಲು ಬಂದಿದ್ದ ಕುಶಾಲಪ್ಪ ಗೌಡರು ನಮ್ಮನ್ನು ಕಂಡು ಪಕ್ಕಕ್ಕೇ ಬಂದು ಕೂತರು. ಮದುವೆಗೆ ಬರಲಿಲ್ಲವೆಂದು ಆಕ್ಷೇಪಿಸಿದರು, ಓಲೆ ಚಂದ ಬಂತೆಂದು ಹೊಗಳಿದರು. ಆಮೇಲೆ ತಾವಾಗಿಯೇ ನಗುತ್ತಾ ಹೇಳಿದರು.

"ನೀವು ಬರ್ತೀರಿ ಅಂತ ಅದಕ್ಕೆ ಎಷ್ಟು ಚಾಕರಿ ಮಾಡಿಸಿದ್ದು ಗೊತ್ತುಂಟಾ? ಎಣ್ಣೆ, ಮಸಿ, ಕುಂಕುಮ ಹಿಡಿದು ಕಪ್ಪಾಗಿತ್ತು. ಚಿನ್ನದ ಆಚಾರಿ ಹತ್ರ ಬೆಂಕಿಗೆ ಹಾಕಿಸಿ, ಹುಣಸೆಹುಳಿಯಲ್ಲಿ ಕುದಿಸಿ, ತಿಕ್ಕಿಸಿ ತಿಕ್ಕಿಸಿ ತಂದದ್ದು. ದೊಡ್ಡವರು ನೋಡ್ಲಿಕ್ಕೆ ಬರುವಾಗ ಮಸಿ ಹಿಡಿದದ್ದನ್ನು ಎದುರು ಇಡುದು ಹೇಗೆ ಮಾರಾಯ್ರೆ? ಮದುಮಗಳನ್ನು ಮುಖ ತೊಳೆಸದೆ ನಿಲ್ಲಿಸಿದ ಹಾಗೆ ಆಗ್ತದಲ್ಲ!"

ಮಾಸ್ಟ್ರು ಲೋಟವನ್ನು ಕೆಳಗೆ ಇಟ್ಟರು. "ಅಂಚಿಗೆ ಅರ ಹಾಕಿದ್ದು?"

"ಅದೂ ಆಚಾರಿಯೇ. ಅಜ್ಜಿ ಕುತ್ತಿಗೆಗೆ ಹಾಕಿಕೊಳ್ತಿದ್ದ ಕಾಲದಲ್ಲಿ ಒಂದು ಕುಣಿಕೆ ಬೆಸೆದಿದ್ರು. ಅದನ್ನು ತೆಗೆದ್ರೆ ಒಂದು ಕಡೆ ಡುಬ್ಬ ಕಾಣ್ತಿತ್ತು. ಸುತ್ತ ಸಮ ಮಾಡಿಸಿದ್ದು. ತಿಕ್ಕುವ ಮೊದಲು ಮೀನಿನ ಕಣ್ಣು ಸಹ ಕಾಣ್ತಿತ್ತು ಅಂತ ಅಮ್ಮ ಈಗಲೂ ಜಗಳ ಮಾಡ್ತಾರೆ. ಹೋಗ್ಲಿ ಬಿಡಿ, ಹೇಗೂ ಸುಳ್ಳಲ್ವಾ."

ಗೌಡರು ನಮ್ಮ ಕಾಫಿಯ ದುಡ್ಡನ್ನೂ ತಾವೇ ಕೊಟ್ಟು ಹೋದರು. ಮಾಸ್ಟ್ರು ಖಾಲಿಯಾಗದ ಲೋಟವನ್ನು ಅಂಚು ಹಿಡಿದು ತಿರುಗಿಸುತ್ತಾ ಕೂತರು. ಆ ಮುಖವನ್ನು ನೋಡಲು ನನಗೆ ಸಂಕಟವಾಯಿತು. ಮೆತ್ತಗಾದ ಅಕ್ಷರ ಆ ತಿಕ್ಕಾಟದ್ದು, ಹೊಳಪು ಹುಣಸೆಯದ್ದು, ಕಡಿಮೆಯಾದ ತೂಕ ಅರದ್ದು. ಮೂರೂ ಮರ್ಯಾದೆಗಾಗಿ ಮಾಡಿದವು. ಮೀನಿನ ಕಣ್ಣಿನಷ್ಟು ಸಣ್ಣದು ಒತ್ತಿದ್ದರಲ್ಲಿ ಬಿಟ್ಟರೆ ಎರೆದದ್ದರಲ್ಲಿ ಮೂಡುವುದಿಲ್ಲ. ಆ ಮುದುಕಿ ಹೇಳಲು ಹೊರಟದ್ದೂ ಇದನ್ನೇ. ಕೈ ಎತ್ತಿ ತಡೆದದ್ದು ಇವರು.

ನಾನು ಸಮಾಧಾನಕ್ಕೆಂದು, "ಅಂಥದ್ದು ಯಾರ ಕಣ್ಣಿಗೂ ಸುಳ್ಳೇ ಕಾಣುತ್ತಿತ್ತು" ಎಂದೆ.

"ಕಣ್ಣಿಗೆ ಕಾಣ್ತಿತ್ತು. ಕಿವಿ ಇತ್ತಲ್ಲ ನನಗೆ?" ಎಂದರು.

ಆ ವಾರ ಅವರು ಐದನೇ ತರಗತಿಗೆ ಮಾಡಿದ ಪಾಠವನ್ನೇ ಮರುದಿನವೂ ಮಾಡಿದರು. ಮಕ್ಕಳು ಮುಸಿಮುಸಿ ನಕ್ಕರೂ ಗೊತ್ತಾಗಲಿಲ್ಲ. ಭಾನುವಾರ ಬೆಳಿಗ್ಗೆ ಕೊಡೆ ಎತ್ತಿಕೊಂಡು, "ಆಲಂಕಾರಿಗೆ ಹೋಗುವ" ಎಂದರು. ಹೋಗಿ ಏನು ಮಾಡುವುದು, ಕರಗಿದ ಚಿನ್ನ ಮತ್ತೆ ಮೀನಾಗುತ್ತದೆಯೇ ಎಂದು ನಾನು ರೇಗಿದೆ. "ನಾಣ್ಯ ನನಗೆ ಹೋಯ್ತು, ಅದು ನನ್ನ ಹಣೆಬರಹ. ಆ ಅಮ್ಮನನ್ನು ಮನೆಯವರ ಎದುರು ಮರುಳು ಮಾಡಿದೆನಲ್ಲ. ಅವರು ಹಚ್ಚಿದ ದೀಪ ಸುಳ್ಳಿಗೆ ಅಲ್ಲ ಅಂತ ಹೇಳ್ಬೇಕು. ಮಗನ ಎದುರೇ ಹೇಳ್ಬೇಕು" ಎಂದರು. ನಾನು ಕಾಲಿಗೆ ಎಣ್ಣೆ ಹಚ್ಚಿಕೊಂಡು ಹೊರಟೆ.

ನಾವು ಮುಟ್ಟುವಾಗ ಗೌಡರು ಅಂಗಡಿಯಲ್ಲಿ ಗಿರಾಕಿಗಳ ನಡುವೆ ಇದ್ದರು. "ಒಳಗೆ ಹೋಗಿ ಕೂತ್ಕೊಳ್ಳಿ, ಈಗ ಬಂದೆ" ಎಂದರು. ತವರಿಗೆ ಬಂದಿದ್ದ ಮಗಳು ನಮಗೆ ಎಳನೀರಿನ ಬೊಂಡ ತಂದುಕೊಟ್ಟಳು. ಬಾಯಿತುಂಬ ನಗುವ ಹುಡುಗಿ. ಕಿವಿಯಲ್ಲಿ ಆ ಓಲೆ. ಮಾಸ್ಟ್ರು ಅದನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು. ಅವಳು ಒಳಗೆ ಹೋದ ಮೇಲೆ, ಜಗಲಿಯ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ಲಿಂಗಮ್ಮನ ಎದುರು ನೆಲದಲ್ಲೇ ಕೂತರು.

"ಅಮ್ಮ, ನನ್ನದು ತಪ್ಪಾಯ್ತು. ನಿಮ್ಮ ನಾಣ್ಯ ನಿಜ."

ಲಿಂಗಮ್ಮನ ಬೆರಳುಗಳು ನಿಂತವು. ಅವರು ಬಾಗಿಲ ಕಡೆ ನೋಡಿದರು, ಅಂಗಡಿಯ ಕಡೆ ನೋಡಿದರು.

"ಗೊತ್ತುಂಟು. ಅತ್ತೆ ಸುಳ್ಳು ಹೇಳುವವರಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಮೆಲ್ಲ ಹೇಳಿ ಮಾಸ್ಟ್ರೆ. ಇದನ್ನು ಹೇಳ್ಲಿಕ್ಕೆ ಇಷ್ಟು ದೂರ ಬಂದದ್ದಾ?"

"ಮಗನ ಎದುರು ಹೇಳ್ತೇನೆ. ನಿಮಗೆ ನಕ್ಕವರೆಲ್ಲ ಕೇಳ್ಲಿ."

"ಬೇಡ." ಆ ಬೇಡದಲ್ಲಿ ಇದ್ದ ಗಟ್ಟಿತನ ನನಗೆ ಇನ್ನೂ ನೆನಪಿದೆ. "ಕರಗಿಸುವ ಕರಗಿಸುವ ಅಂತ ಹಟ ಮಾಡಿದ್ದು ಅವನು. ಗೊತ್ತಾದ್ರೆ ಊಟ ಬಿಡ್ತಾನೆ. ಆ ಹುಡುಗಿ ಹೇಗೆ ನಗ್ತಾಳೆ, ನೋಡಿದ್ರಲ್ಲ? ಅದರ ಮೇಲೆ ನಿಮ್ಮ ಅರಸನ ಕತೆ ಹಾಕಿದ್ರೆ ಓಲೆ ಅವಳ ಕಿವಿಗೆ ಭಾರ ಆಗುದು. ನನಗೆ ನಕ್ಕದ್ದು ನಕ್ಕಾಯ್ತು. ಸುಳ್ಳು ಅಂತ್ಲೇ ಇರ್ಲಿ."

"ಹಾಗಾದ್ರೆ ನಿಮಗೆ?"

"ನನಗೆ ನೀವು ಈಗ ಹೇಳಿದ್ರಲ್ಲ. ಅಷ್ಟು ಸಾಕು. ಬೊಂಡ ಕುಡಿಯಿರಿ."

ಅಷ್ಟರಲ್ಲಿ ಗೌಡರು ಕೈ ಒರೆಸಿಕೊಳ್ಳುತ್ತಾ ಬಂದರು. "ಎಂತ ಮಾಸ್ಟ್ರೆ, ಬಿಸಿಲಲ್ಲಿ? ಎಂತಾದ್ರೂ ವಿಶೇಷ ಉಂಟಾ?" ಮಾಸ್ಟ್ರು ಬೊಂಡವನ್ನು ಕೆಳಗೆ ಇಟ್ಟರು. "ಮೊಮ್ಮಗಳು ಬಂದಿದ್ದಾಳೆ ಅಂತ ಮಾತಾಡಿಸ್ಲಿಕ್ಕೆ ಬಂದದ್ದು. ಮದುವೆಗೆ ಬರ್ಲಿಕ್ಕೆ ಆಗ್ಲಿಲ್ಲ ಅಲ್ವಾ" ಎಂದರು ಲಿಂಗಮ್ಮ. ಮಾಸ್ಟ್ರು ಜೇಬು ತಡಕಾಡಿ ಒಂದು ರೂಪಾಯಿ ತೆಗೆದು, ಮತ್ತೆ ಹೊರಗೆ ಬಂದ ಹುಡುಗಿಯ ಕೈಯಲ್ಲಿ ಇಟ್ಟರು.

ಆ ದಿನದಿಂದ ಅವರು ನಾಣ್ಯ ನೋಡುವುದನ್ನು ಬಿಟ್ಟರು. ಯಾರಾದರೂ ತಂದರೆ, "ನನಗೆ ಕಣ್ಣು ಕಾಣುದಿಲ್ಲ" ಎಂದು ತಪ್ಪಿಸಿಕೊಳ್ಳುವರು. ಕಪ್ಪು ಬಟ್ಟೆಯಲ್ಲಿ ಕನ್ನಡಕ ಒರೆಸತೊಡಗಿದರು. ಪೊಡಿಯಬ್ಬ ಎಷ್ಟು ಕೆಣಕಿದರೂ ನಗುತ್ತಿರಲಿಲ್ಲ. ನಿವೃತ್ತರಾಗಿ ಸುಳ್ಯಕ್ಕೆ ಹೋದ ಮೇಲೆ ನಮ್ಮ ಭೇಟಿ ಕಡಿಮೆಯಾಯಿತು. ನನಗೂ ಆ ಹೊತ್ತಿಗೆ ಮದುವೆ, ಮಕ್ಕಳು, ವರ್ಗಾವಣೆ ಎಂದು ನೂರು ತಾಪತ್ರಯ. ಕೊನೆಯ ಸಲ ನೋಡಿದಾಗ ಅವರು ಚಾವಡಿಯ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಾನು ಮಾತಿಗೆ ಮಾತು ಹುಡುಕುತ್ತಾ, ಆಲಂಕಾರಿನ ಲಿಂಗಮ್ಮ ತೀರಿಕೊಂಡರಂತೆ ಎಂದೆ. ಅವರಿಗೆ ಗೊತ್ತಿತ್ತು.

"ಇನ್ನು ಹೇಳಬಹುದಲ್ಲ ಮಾಸ್ಟ್ರೆ. ನಿಮ್ಮ ಮನಸ್ಸಾದರೂ ಹಗುರ ಆದೀತು" ಎಂದೆ.

"ಹಗುರ ಆಗುದು ನನಗೆ ಮಾತ್ರ. ಭಾರ ಆ ಮನೆಗೆ" ಎಂದರು, ಕಣ್ಣು ತೆರೆಯದೆ. "ಬೇಡ. ನೀವು ಸಹ ಹೇಳ್ಬೇಡಿ."

ಮಳೆಗಾಲ ಹಿಡಿಯುವ ಮೊದಲು ಹೋಗಿಬಿಟ್ಟರು. ಅವರಿಲ್ಲದೆ ನನಗೆ ಆದ ಖಾಲಿತನವನ್ನು ಹೇಗೆ ಹೇಳಲಿ? ಬೈದುಕೊಂಡೇ ಅವರ ಹಿಂದೆ ನಡೆದಿದ್ದೆ. ಆ ನಡಿಗೆಯೇ ನನ್ನ ಯೌವನವಾಗಿತ್ತೆಂದು ಗೊತ್ತಾದದ್ದು ಆಗ. ಉತ್ತರಕ್ರಿಯೆಗೆ ಸುಳ್ಯಕ್ಕೆ ಹೋದೆ. ಊಟವಾಗಿ ಚಪ್ಪರದಲ್ಲಿ ಜನ ವೀಳ್ಯ ಹಾಕುತ್ತಾ ಕೂತಿದ್ದರು. ಕುಶಾಲಪ್ಪ ಗೌಡರೂ ಬಂದಿದ್ದರು. ತಲೆ ಪೂರ್ತಿ ನರೆತಿತ್ತು, ಬಸ್ಸು ಬದಲಿಸಿ ಬದಲಿಸಿ ಬಂದಿದ್ದರಂತೆ. ಮಾಸ್ಟ್ರ ಬಗ್ಗೆ ಮಾತು ಬಂದಾಗ ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಇವರ ಹಾಗೆ ನಾಣ್ಯ ನೋಡುವವರು ಇನ್ನು ಹುಟ್ಟಬೇಕಷ್ಟೆ. ನಮ್ಮ ಮನೆಯಲ್ಲಿ ಒಂದು ಇತ್ತು. ತಲೆತಲಾಂತರದಿಂದ ಪೂಜೆ ಮಾಡಿದ್ದು. ಬಂದ್ರು, ನೋಡಿದ್ರು, ಸುಳ್ಳು ಅಂದ್ರು. ಅಷ್ಟೇ! ಮುಲಾಜು ಎಲ್ಲ ಇಲ್ಲ. ಬೇರೆಯವರಾದ್ರೆ ನಮಗೆ ಬೇಜಾರಾಗ್ತದೆ ಅಂತ ನಿಜ ಅಂತಿದ್ರು." ಕೂತವರು ಹೌದೌದು ಎಂದು ತಲೆಯಾಡಿಸಿದರು. ಗೌಡರು ನನ್ನ ಕಡೆ ತಿರುಗಿದರು. "ನೀವೂ ಇದ್ರಲ್ಲ ಮಾಸ್ಟ್ರೆ ಆ ದಿನ. ಹೇಳಿ ಇವರಿಗೆ."

ಎಲ್ಲರೂ ನನ್ನ ಮುಖ ನೋಡಿದರು.

"ಇದ್ದೆ" ಎಂದೆ. "ಸುಳ್ಳೇ ಅದು."